ಹೂಂಗುಟ್ಟುವವನ ಅಭಿಪ್ರಾಯ

ಮಾರ್ಚ್ ೩

ಅಕ್ಕ,

ಕ್ಷೇಮ ಸಮಾಚಾರವನ್ನು ಕೊನೆಗೆ ಬರೆಯುತ್ತೇನೆ, ಜಾಗ ಉಳಿದರೆ. ಮೊದಲು ಸುದ್ದಿ: ನಿನ್ನ ತಮ್ಮ ಒಂದೇ ವಾರದಲ್ಲಿ ಎರಡು ಸಮಿತಿಗಳಿಗೆ ಕಾರ್ಯದರ್ಶಿಯಾಗಿದ್ದಾನೆ. ಆ ಸಮಿತಿಗಳಲ್ಲಿ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುವುದಿಲ್ಲ.

ನಮ್ಮ ಬೀದಿಯ ಡಾಕ್ಟರು ತೀರಿಕೊಂಡು ವರ್ಷವಾಯಿತಲ್ಲ, ಅವರ ನೆನಪಿಗೆ ಏನಾದರೂ ಮಾಡಬೇಕೆಂದು ಎಲ್ಲರಿಗೂ ಅನ್ನಿಸಿದೆ. ಬೀದಿಯ ತುದಿಯ ಖಾಲಿ ಜಾಗದಲ್ಲಿ ಅವರ ಪ್ರತಿಮೆ ನಿಲ್ಲಿಸಬೇಕು ಎಂದು ಬಟ್ಟೆ ಅಂಗಡಿ ಯಜಮಾನರು. ಅದೇ ಜಾಗದಲ್ಲಿ ಅವರ ಹೆಸರಿನ ಓದುವ ಕೋಣೆ ಕಟ್ಟಬೇಕು ಎಂದು ನಿವೃತ್ತ ಹೆಡ್‌ಮೇಷ್ಟ್ರು. ಇಬ್ಬರೂ ಬೇರೆ ಬೇರೆ ದಿನ ಬಂದು ನನ್ನ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ತಮ್ಮ ತಮ್ಮ ವಾದ ಹೇಳಿದರು. ನಾನು ಹೂಂ ಅಂದೆ. ನಮ್ಮ ಕಸುಬಿನಲ್ಲಿ ಹೂಂ ಎಂದರೆ ಒಪ್ಪಿಗೆ ಅಲ್ಲ. ‘ತಲೆ ಸ್ವಲ್ಪ ಎಡಕ್ಕೆ ತಿರುಗಿಸಿ’ ಎನ್ನುವುದಕ್ಕೆ ಹತ್ತಿರದ ಮಾತು. ಗಿರಾಕಿಯ ಗಂಟಲ ಮೇಲೆ ರೇಜರ್ ಇಟ್ಟುಕೊಂಡು ಉಹೂಂ ಅನ್ನುವುದು ಒಳ್ಳೆಯ ವ್ಯಾಪಾರವೂ ಅಲ್ಲ.

ಈಗ ಬಟ್ಟೆ ಅಂಗಡಿಯ ಗಾಜಿನ ಮೇಲೆ ಒಂದು ನೋಟೀಸು, ಹೆಡ್‌ಮೇಷ್ಟ್ರ ಗೇಟಿನ ಮೇಲೆ ಒಂದು ನೋಟೀಸು. ಎರಡರ ಕೆಳಗೂ ‘ಕಾರ್ಯದರ್ಶಿ: ಸಲೂನ್ ಮಾಲೀಕರು’ ಎಂದಿದೆ. ನನಗೂ ಒಂದು ಅಭಿಪ್ರಾಯವಿದೆ ಎಂಬುದು ಯಾರಿಗೂ ಹೊಳೆದಿಲ್ಲ. ಇರಲಿ, ಅದನ್ನು ಆಮೇಲೆ ಬರೆಯುತ್ತೇನೆ.

ಜಾಗ ಮುಗಿಯಿತು. ಕ್ಷೇಮ.

ತಮ್ಮ


ಮಾರ್ಚ್ ೧೧

ತಮ್ಮಾ,

ನೀನು ಹುಟ್ಟಿದ ಕೂಡಲೇ ಅಳಲಿಲ್ಲವಂತೆ, ಹೂಂ ಅಂದೆಯಂತೆ. ಅಮ್ಮ ಹೇಳುತ್ತಿದ್ದಳು. ಈ ವಯಸ್ಸಿಗಾದರೂ ಬಿಡಬಾರದೆ?

ನೋಡು, ಕೋರ್ಟಿನಲ್ಲಿ ಕೂತು ದಿನವಿಡೀ ಬೇರೆಯವರ ಮಾತನ್ನು ಟೈಪ್ ಮಾಡುವವಳು ನಾನು. ನಿನ್ನೆ ಒಬ್ಬ ಸಾಕ್ಷಿ ಕೇಳಿದ್ದಕ್ಕೆಲ್ಲ “ಇರಬಹುದು” ಅಂದ. “ಅದು ನಿಮ್ಮ ಮನೇನೇ ಏನ್ರಿ?” ಎಂದರೆ ಅದಕ್ಕೂ “ಇರಬಹುದು.” ನ್ಯಾಯಾಧೀಶರು ನನ್ನ ಕಡೆ ತಿರುಗಿ, “ಇದನ್ನ ಹೇಗಮ್ಮ ಬರ್ಕೊತೀರಿ?” ಅಂದರು. ನನಗೆ ನಿನ್ನ ನೆನಪಾಯಿತು.

ಡಾಕ್ಟರು ನನ್ನ ಜೀವ ಉಳಿಸಿದವರು. ಆ ಜ್ವರದಲ್ಲಿ ಅವರ ಕೆಂಪು ಔಷಧಿ ಇಲ್ಲದಿದ್ದರೆ ಈ ಕಾಗದ ಬರೆಯಲು ನಾನೇ ಇರುತ್ತಿರಲಿಲ್ಲ. ಬಾಟಲಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿತ್ತಲ್ಲ, ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಅದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂಥವರ ವಿಷಯದಲ್ಲಿ ನೀನು ಎರಡು ದೋಣಿಯಲ್ಲಿ ಕಾಲಿಟ್ಟು ನಿಲ್ಲುವುದು ಚೆನ್ನಾಗಿಲ್ಲ. ನಿನಗೆ ಏನು ಅನ್ನಿಸುತ್ತದೋ ಅದನ್ನು ನಾಲ್ಕು ಜನರೆದುರು ಎದ್ದು ನಿಂತು ಹೇಳು.

ನಿನ್ನ ಭಾವನವರು ನಿವೃತ್ತರಾದ ಮೇಲೆ ಹಾಡಲು ಕಲಿಯುತ್ತಿದ್ದಾರೆ. ಬೆಳಿಗ್ಗೆ ಅವರು ಶುರು ಮಾಡಿದರೆ ಎದುರು ಮನೆಯವರು ಕಿಟಕಿ ಮುಚ್ಚುತ್ತಾರೆ. “ಹೇಗಿತ್ತೇ?” ಅಂದರು. “ದಿನದಿಂದ ದಿನಕ್ಕೆ ಸುಧಾರಿಸ್ತಿದೆ” ಅಂದೆ. ಇದನ್ನು ಸುಳ್ಳು ಅನ್ನುವುದಿಲ್ಲ, ಸಂಸಾರ ಅನ್ನುತ್ತಾರೆ. ನಿನ್ನದು ಸಾರ್ವಜನಿಕ ವಿಷಯ, ಬೇರೆ.

ಅಕ್ಕ


ಮಾರ್ಚ್ ೧೯

ಅಕ್ಕ,

ಶನಿವಾರ ಅಂಗಡಿಯಲ್ಲಿ ಆಗಬಾರದ್ದು ಆಯಿತು. ಎಡಗಡೆ ಕುರ್ಚಿಯಲ್ಲಿ ಬಟ್ಟೆ ಅಂಗಡಿಯವರಿಗೆ ನೊರೆ ಹಚ್ಚಿ ಬ್ರಶ್ ತೊಳೆಯುತ್ತಿದ್ದೆ. ಹೆಡ್‌ಮೇಷ್ಟ್ರು ಬಂದು ಬಲಗಡೆ ಕುರ್ಚಿಯಲ್ಲಿ ಕೂತರು. ಇಬ್ಬರೂ ಪರಸ್ಪರ ನೋಡಲಿಲ್ಲ. ತಂತಮ್ಮ ಕನ್ನಡಿಯೊಂದಿಗೆ ಮಾತಾಡಿದರು.

“ಸತ್ತೋರು ಕಣ್ಣಿಗೆ ಕಾಣ್ಬೇಕು. ಪುಸ್ತಕದ ಬೀರು ಇಟ್ಟು ಇದೇ ಡಾಕ್ಟರು ಅಂದ್ರೆ ಯಾರ್ರೀ ನಂಬ್ತಾರೆ?” ಅಂತ ಎಡಗಡೆಯಿಂದ.

“ಕಲ್ಲಿನ ಮೇಲೆ ಕಾಗೆ ಕೂತ್ಕೊಳ್ಳುತ್ತೆ. ಪುಸ್ತಕದ ಮೇಲೆ ಕೂರಲ್ಲ” ಅಂತ ಬಲಗಡೆಯಿಂದ.

“ಯಾಕೆ ಕೂರುತ್ತೆ? ನಿಮ್ಮ ಪುಸ್ತಕದ ಹತ್ರ ಕಾಗೇನೂ ಬರಲ್ಲ.”

ಆಮೇಲೆ ಇಬ್ಬರೂ ಒಟ್ಟಿಗೆ, “ಏನಂತೀಯಪ್ಪಾ?”

ನಾನು ಮಧ್ಯದಲ್ಲಿ ನಿಂತು ಹೂಂ ಅಂದೆ. ಒಂದೇ ಹೂಂ. ಇಬ್ಬರೂ ಅದನ್ನು ಹಂಚಿಕೊಂಡರು. ಈ ತಿಂಗಳ ಕೊನೆಯ ಭಾನುವಾರ ಶಾಲೆಯಲ್ಲಿ ಸಭೆ ಇದೆ, ಅಲ್ಲಿ ನಾನು ಬಾಯಿ ಬಿಟ್ಟು ಹೇಳಲೇಬೇಕಂತೆ.

ನನ್ನದು ಮೂರನೆಯ ಅಭಿಪ್ರಾಯ. ಅದನ್ನು ನಿನಗೆ ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ಆದರೆ ನಿನ್ನ ಕಾಗದ ಓದಿದ ಮೇಲೆ ಸ್ವಲ್ಪ ಧೈರ್ಯ ಬಂದಿದೆ. ಒಂದೇ ಪ್ರಶ್ನೆ. ನನ್ನ ಮಾತಿನಿಂದ ಯಾರಿಗಾದರೂ, ನಮಗೆ ತೀರ ಬೇಕಾದವರಿಗೇ, ನೋವಾಗಬಹುದು. ಆದರೂ ಹೇಳಲೇ?

ತಮ್ಮ


ಮಾರ್ಚ್ ೨೪

ತಮ್ಮಾ,

ಕೇಳುವುದೇನು, ಹೇಳು. ನಿಜ ಕೇಳಿ ನೋವಾದರೆ ತಪ್ಪು ಕಿವಿಯದ್ದು. ಬಟ್ಟೆ ಅಂಗಡಿಯವರಿಗೆ ನೋವಾಗುತ್ತದೆಂದು ಹೆದರುತ್ತಿದ್ದೀಯ ಎಂದು ನನಗೆ ಗೊತ್ತು. ನೀನು ಕೊನೆಗೆ ಓದುವ ಕೋಣೆಯ ಕಡೆಗೇ ನಿಲ್ಲುತ್ತೀಯ ಎಂದು ನಿನ್ನ ಭಾವನವರ ಹತ್ತಿರ ಪಂಥ ಕಟ್ಟಿದ್ದೇನೆ. ಗೆದ್ದರೆ ಅವರು ಒಂದು ವಾರ ಹಾಡಬಾರದು. ನನ್ನ ಮಾನ ಕಳೆಯಬೇಡ.

ಅಕ್ಕ


ಏಪ್ರಿಲ್ ೨

ಅಕ್ಕ,

ಹೇಳಿಬಿಟ್ಟೆ.

ಸಭೆ ನಡೆದದ್ದು ಮೂರನೇ ತರಗತಿಯ ಕೋಣೆಯಲ್ಲಿ. ಮಕ್ಕಳ ಬೆಂಚಿನ ಮೇಲೆ ಬೀದಿಯ ದೊಡ್ಡವರೆಲ್ಲ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಹಾಗೆ ಕೂತಾಗ ಯಾರಿಗೂ ದೊಡ್ಡ ಮನಸ್ಸು ಬರುವುದಿಲ್ಲವೆಂದು ಕಾಣುತ್ತದೆ. ನನ್ನ ಸರದಿ ಬಂತು. ಎದುರಿಗೆ ಕನ್ನಡಿ ಇರಲಿಲ್ಲ. ಜನರ ಮುಖವನ್ನು ನೇರವಾಗಿ ನೋಡಿ ಮಾತಾಡಿ ನನಗೆ ರೂಢಿ ಇಲ್ಲ. ಅದಕ್ಕೇ ಇರಬೇಕು, ಮಾತು ಸೀದಾ ಬಂತು.

“ಡಾಕ್ಟರು ಬಹಳ ಒಳ್ಳೆ ಮನುಷ್ಯರು. ಆದ್ರೆ ಡಾಕ್ಟರಾಗಿ ಅಷ್ಟಕ್ಕಷ್ಟೆ” ಅಂದೆ.

ಬೇಕರಿಯವನು ಎದ್ದ. “ಅಷ್ಟಕ್ಕಷ್ಟೆ ಅಂದ್ರೆ ಎಷ್ಟು?”

“ತಲೆನೋವಿಗೂ ಕೆಂಪು ಔಷಧಿ, ಹೊಟ್ಟೆನೋವಿಗೂ ಕೆಂಪು ಔಷಧಿ. ಒಂದ್ಸಲ ಕತ್ತರಿ ತಾಗಿ ನನ್ನ ಬೆರಳು ಕುಯ್ದಿತ್ತು. ಆವಾಗ್ಲೂ ಅದನ್ನೇ ಕುಡಿಯೋಕೆ ಕೊಟ್ರು.”

“ಬೆರಳು ವಾಸಿ ಆಯ್ತೋ ಇಲ್ವೋ?”

“ಆಯ್ತು. ಬೆರಳು ತಾನಾಗೇ ವಾಸಿ ಆಗುತ್ತೆ. ಅದಕ್ಕೆ ಪ್ರತಿಮೆ ನಿಲ್ಲಿಸಬೇಕಾದ್ರೆ ಬೆರಳಿಗೇ ನಿಲ್ಲಿಸ್ಬೇಕು.”

ಈ ಕೊನೆಯ ಮಾತು ಬೇಡವಾಗಿತ್ತು. ಒಪ್ಪುತ್ತೇನೆ. ಆದರೆ ಒಮ್ಮೆ ಬಾಯಿ ತೆರೆದ ಮೇಲೆ ಎಲ್ಲಿ ಮುಚ್ಚಬೇಕೆಂದು ತಿಳಿಯಲು ಅಭ್ಯಾಸ ಬೇಕು.

ಎರಡು ಸಮಿತಿಗಳೂ ಮೊದಲ ಸಲ ಒಂದಾದವು. ನನ್ನನ್ನು ಎರಡೂ ಕಾರ್ಯದರ್ಶಿ ಸ್ಥಾನಗಳಿಂದ ತೆಗೆಯುವ ನಿರ್ಣಯವನ್ನು ಬಟ್ಟೆ ಅಂಗಡಿಯವರು ಮಂಡಿಸಿದರು, ಹೆಡ್‌ಮೇಷ್ಟ್ರು ಅನುಮೋದಿಸಿದರು. ಚಪ್ಪಾಳೆ ಜೋರಾಗಿತ್ತು.

ಮನೆಗೆ ನಡೆಯುವಾಗ ಮೈ ಹಗುರಾಗಿತ್ತು ಕಣೇ ಅಕ್ಕ. ನೀನು ಹೇಳಿಕೊಟ್ಟ ಧೈರ್ಯ. ನಿನಗೂ ಒಳಗೊಳಗೆ ಹೀಗೇ ಅನ್ನಿಸಿತ್ತೆಂದು ನಿನ್ನ ಎರಡನೇ ಕಾಗದದಲ್ಲೇ ನನಗೆ ತಿಳಿಯಿತು.

ತಮ್ಮ


ಏಪ್ರಿಲ್ ೧೬

ಅಕ್ಕ,

ನಿನ್ನ ಕಾಗದ ಬರಲಿಲ್ಲ. ಅಂಚೆಯವನನ್ನು ಕೇಳಿದೆ. ಅವನೂ ಈಗ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ, ತಲೆಯಾಡಿಸಿ ಹೋದ. ಭಾವನವರಿಗೆ ಹುಷಾರಿಲ್ಲವೇ? ಗಂಟಲು ಕಟ್ಟಿದೆಯೇ?

ಅಂಗಡಿಗೆ ಯಾರೂ ಬರುತ್ತಿಲ್ಲ. ಬೀದಿಯ ಗಂಡಸರೆಲ್ಲ ಒಂದು ತತ್ವಕ್ಕಾಗಿ ಗಡ್ಡ ಬಿಟ್ಟಿದ್ದಾರೆ. ತತ್ವ ಎಲ್ಲರಿಗೂ ಒಪ್ಪುವುದಿಲ್ಲ. ಬೇಕರಿಯವನಿಗೆ ಗದ್ದದ ಒಂದೇ ಕಡೆ ಬಂದಿದೆ. ಕತ್ತರಿಗಳಿಗೆ ಎಣ್ಣೆ ಹಾಕಿ, ಒರೆಸಿ, ಮತ್ತೆ ಎಣ್ಣೆ ಹಾಕುತ್ತಿದ್ದೇನೆ. ಎರಡೂ ಕುರ್ಚಿ ಖಾಲಿ ಇದ್ದಾಗ ಕನ್ನಡಿಯಲ್ಲಿ ನಾನೊಬ್ಬನೇ ಕಾಣುತ್ತೇನೆ. ಇಷ್ಟು ವರ್ಷ ಈ ಮುಖವನ್ನು ಗಿರಾಕಿಯ ತಲೆಯ ಹಿಂದೆ ಅರ್ಧ ಮಾತ್ರ ನೋಡಿದ್ದೆ. ಇನ್ನರ್ಧ ಅಂಥ ವಿಶೇಷವೇನಲ್ಲ.

ಬೇಗ ಬರೆ.

ತಮ್ಮ


ಏಪ್ರಿಲ್ ೩೦

ಅಕ್ಕ,

ಬೈದಾದರೂ ಬರೆ.


ಮೇ ೯

ಸಾಕ್ಷಿಯ ಹೇಳಿಕೆ.

ಸಾಕ್ಷಿಯು ಪ್ರತಿವಾದಿಯ ಒಡಹುಟ್ಟಿದ ಅಕ್ಕನಾಗಿದ್ದು, ಅವನನ್ನು ಹುಟ್ಟಿದಂದಿನಿಂದ ಬಲ್ಲಳು. ಪ್ರತಿವಾದಿಯು ತನ್ನ ಅಭಿಪ್ರಾಯ ಇಂಥದ್ದೆಂದು ತಿಳಿಸದೆ, ‘ಹೇಳು’ ಎಂಬ ಒಪ್ಪಿಗೆಯನ್ನು ಸಾಕ್ಷಿಯಿಂದ ಎರಡು ಸಲ ಪಡೆದಿರುತ್ತಾನೆ. ಸಾಕ್ಷಿಯು ಬಾಲ್ಯದಲ್ಲಿ ಜ್ವರದಿಂದ ಮಲಗಿದ್ದು, ಮೇಲ್ಕಂಡ ಡಾಕ್ಟರರ ಮೇಲ್ಕಂಡ ಕೆಂಪು ಔಷಧಿಯಿಂದ ಬದುಕಿಕೊಂಡಿರುತ್ತಾಳೆ. ಈ ಸಂಗತಿಯನ್ನು ಅವಳು ತನ್ನ ಗಂಡನಿಗೆ, ಮಕ್ಕಳಿಗೆ, ಕೋರ್ಟಿನ ಸಿಬ್ಬಂದಿಗೆ ಹಲವು ಸಲ ಹೇಳಿರುತ್ತಾಳೆ. ಸಾವಿನ ಬಾಗಿಲಿಗೆ ಹೋಗಿ ಬಂದವಳು ಎಂಬುದು ಈ ಮನೆಯಲ್ಲಿ ಅವಳಿಗಿರುವ ಒಂದೇ ಹೆಚ್ಚುಗಾರಿಕೆ. ಔಷಧಿಯು ಬಣ್ಣದ ನೀರಾಗಿದ್ದ ಪಕ್ಷದಲ್ಲಿ, ಸಾಕ್ಷಿಯು ಬದುಕಿರುವುದಕ್ಕೆ ಬೇರೆ ಕಾರಣವೇನೆಂಬುದನ್ನು ಪ್ರತಿವಾದಿಯು ತಿಳಿಸತಕ್ಕದ್ದು.

ನಿಜ ಕೇಳಿ ನೋವಾದರೆ ತಪ್ಪು ಕಿವಿಯದ್ದು ಎಂದು ಸಾಕ್ಷಿಯು ಬರೆದಿರುವುದು ನಿಜ. ಬರೆಯುವಾಗ ಆ ಕಿವಿ ಬೇರೆಯವರದ್ದೆಂದು ಅವಳು ನಂಬಿದ್ದಳು.

ಓದಿ ಹೇಳಲಾಗಿ, ಸರಿಯಿದೆ ಎಂದು ಒಪ್ಪಿರುತ್ತಾಳೆ.

(ಪಂಥ ಸೋತೆ. ಹಾಡುತ್ತಿದ್ದಾರೆ.)


ಮೇ ೨೦

ಅಕ್ಕ,

ನಿನ್ನ ಹೇಳಿಕೆ ಬಂತು. ಉತ್ತರ ಹೇಗೆ ಕೊಡುವುದೆಂದು ತಿಳಿಯದೆ ಅದನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿಟ್ಟಿದ್ದೆ. ಉತ್ತರ ತಾನಾಗೇ ಅಂಗಡಿಗೆ ನಡೆದು ಬಂತು. ಅದಕ್ಕೆ ಮೊದಲು ಇನ್ನೊಂದು ಮಾತು.

ಸೆಕೆ ಹೆಚ್ಚಾದ ಮೇಲೆ ತತ್ವ ಕಡಿಯಲು ಶುರುವಾಗಿ, ಗಿರಾಕಿಗಳು ಒಬ್ಬೊಬ್ಬರೇ ವಾಪಸು ಬಂದರು. ಬಂದವರು ಬೀದಿಗೆ ಕೇಳುವ ಹಾಗೆ ಮೊದಲು ಬೈಯುತ್ತಾರೆ. ನೊರೆ ಹಚ್ಚಿದ ಮೇಲೆ ಒಳಗಿನಿಂದ ಸಣ್ಣ ದನಿ. “ನೀವು ಹೇಳಿದ್ದು ಸರಿ ಕಣ್ರಿ. ನಮ್ಮತ್ತೆ ಅದನ್ನ ಮೂರು ವರ್ಷ ಕುಡಿದ್ರು. ನಾನು ಹೇಳ್ದೆ ಅನ್ಬೇಡಿ ಮತ್ತೆ.” ಬಟ್ಟೆ ಅಂಗಡಿಯವರ ಮನೆಯಲ್ಲಿ ಅದನ್ನು ಗಿಡಕ್ಕೆ ಸುರಿಯುತ್ತಿದ್ದರಂತೆ. “ಗಿಡ ಚೆನ್ನಾಗೇ ಬಂತು. ಅಷ್ಟು ಹೇಳ್ಬಹುದು” ಅಂದರು. ಕುತ್ತಿಗೆಯಿಂದ ಬಟ್ಟೆ ಬಿಚ್ಚಿದ ಕೂಡಲೇ ಎಲ್ಲರೂ ಮತ್ತೆ ನನ್ನ ವಿರೋಧಿಗಳು. ಈಗ ಇಡೀ ಬೀದಿ ನನ್ನ ಪಕ್ಷ, ಒಬ್ಬೊಬ್ಬರಾಗಿ.

ಮೊನ್ನೆ ಡಾಕ್ಟರಮ್ಮನೇ ಬಂದರು. ಡಾಕ್ಟರರ ಹೆಂಡತಿ. ನನ್ನ ಅಂಗಡಿಗೆ ಹೆಂಗಸರು ಬರುವುದಿಲ್ಲ. ಹೆಡ್‌ಮೇಷ್ಟ್ರು ಒಂದು ಕೆನ್ನೆ ಮುಗಿದು ಇನ್ನೊಂದು ಬಾಕಿ ಇರುವಾಗ ಹಾಗೇ ಎದ್ದು ನಿಂತರು. ಆಕೆ ಕಾಯುವ ಬೆಂಚಿನ ಮೇಲೆ ಕೂತು ಕೋಲು ಪಕ್ಕಕ್ಕಿಟ್ಟರು.

“ನಮ್ಮೋರ ಔಷಧಿ ಬಗ್ಗೆ ಏನೋ ಅಂದ್ಯಂತಲ್ಲಪ್ಪ?”

“ಹೌದಮ್ಮ” ಅಂದೆ, ನೆಲ ನೋಡುತ್ತ.

“ಗಟ್ಟಿಯಾಗಿ ಹೇಳು. ನನಗೆ ಕಿವಿ ಕೇಳಲ್ಲ.”

ಹೀಗಾಗಿ ಅಕ್ಕ, ಆ ಅಭಿಪ್ರಾಯವನ್ನು ನಾನು ಎರಡನೇ ಸಲ, ಆ ಮನುಷ್ಯನ ಹೆಂಡತಿಯ ಎದುರಿಗೆ, ಕೂಗಿ ಹೇಳಬೇಕಾಯಿತು. ಬೆರಳಿನ ಮಾತು ಬಿಟ್ಟೆ.

ಆಕೆ ನಗಲು ಶುರು ಮಾಡಿದರು. “ನನಗೆ ಕೆಮ್ಮು ಬಂದ್ರೆ ಸೇತುವೆ ಆಚೆ ಡಾಕ್ಟರ ಹತ್ರ ಹೋಗ್ತಿದ್ದೆ. ಇವರೇ ಬಸ್ಸು ಹತ್ತಿಸಿ ಬರೋರು. ‘ನನ್ನ ಹತ್ರ ಬರೋ ತಪ್ಪು ಮಾಡ್ಬೇಡ ಕಣೇ’ ಅನ್ನೋರು. ಕೆಂಪು ಔಷಧಿ ಕಲಸ್ತಿದ್ದೋಳು ನಾನು. ಸಕ್ಕರೆ ಕಡಿಮೆ ಆದ್ರೆ ಅದೂ ಕೆಡೋದು.”

“ಮತ್ತೆ ದೊಡ್ಡ ಕಾಯಿಲೆಗೆ?” ಹೆಡ್‌ಮೇಷ್ಟ್ರು ಅರ್ಧ ನೊರೆಯಲ್ಲೇ ಕೇಳಿದರು.

“ದೊಡ್ಡಾಸ್ಪತ್ರೆಗೆ ಕಳಿಸೋರು. ಕಳಿಸೋ ಹಾಗಿಲ್ದಿದ್ರೆ ಹೋಗಿ ಹತ್ರ ಕೂರೋರು. ‘ನನಗೆ ಔಷಧಿ ಗೊತ್ತಿಲ್ಲ, ಕೂರೋದು ಗೊತ್ತು’ ಅನ್ನೋರು. ಇದನ್ನ ಇಷ್ಟು ವರ್ಷ ನನ್ನೊಬ್ಬಳ ಹತ್ರ ಬಿಟ್ರೆ ಯಾರ ಹತ್ರಾನೂ ಹೇಳಿರ್ಲಿಲ್ಲ. ನೀನು ಹೇಳ್ದೆ ಅಂತ ಕೇಳಿ, ಯಾರಪ್ಪ ಇವನು ನಮ್ಮ ಮನೆ ಮಾತಾಡೋನು, ನೋಡೋಣ ಅಂತ ಬಂದೆ.”

ಅಕ್ಕ, ಇದು ನಿನ್ನ ಪ್ರಶ್ನೆಗೆ ಉತ್ತರ ಹೌದೋ ಅಲ್ಲವೋ ನೀನೇ ನೋಡು. ನಿನಗೆ ಜ್ವರ ಬಂದಾಗ ಮಳೆಗೆ ರಸ್ತೆ ಕಡಿದು ಆಸ್ಪತ್ರೆಗೆ ಬಸ್ಸಿರಲಿಲ್ಲ. ಅವರು ದಿನಾ ಮಧ್ಯಾಹ್ನ ಬಂದು ನಿನ್ನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕಿಟಕಿ ತೆಗೆಸುತ್ತಿದ್ದರು, ನೀರು ಕುಡಿಸುತ್ತಿದ್ದರು, ಅಳುವವರನ್ನು ಹೊರಗೆ ಕಳಿಸುತ್ತಿದ್ದರು. ಒಂದೆರಡು ಸಲ ಕೂತಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅವರು ನಿದ್ದೆ ಮಾಡುತ್ತಿದ್ದಾರೆಂದರೆ ನೀನು ಸಾಯುವುದಿಲ್ಲ ಎಂದು ಅಮ್ಮ ನಂಬಿದಳು. ಅಡುಗೆ ಮನೆಗೆ ಹೋಗಿ ಒಲೆ ಹಚ್ಚಿದಳು. ನನ್ನ ಅಭಿಪ್ರಾಯ ಇಷ್ಟೇ ಇತ್ತು. ಸಭೆಯಲ್ಲಿ ಅದರ ಮೊದಲರ್ಧ ಮಾತ್ರ ಬಾಯಿಗೆ ಬಂತು.

ಡಾಕ್ಟರಮ್ಮನ ಆಜ್ಞೆ ಆಗಿದೆ. ಪ್ರತಿಮೆ ಮಾಡುವುದಾದರೆ ಕೂತ ಪ್ರತಿಮೆ. ಕೂತರೆ ಜಾಗ ಉಳಿಯುತ್ತದೆ, ಹಿಂದೆ ಓದುವ ಕೋಣೆ. ಎರಡು ಸಮಿತಿಗಳೂ ಇದು ತಮ್ಮದೇ ಯೋಚನೆ ಅನ್ನುತ್ತಿವೆ. ಶಿಲ್ಪಿ ಬಂದು ಮೀಸೆ ಹೇಗಿತ್ತು, ಸ್ಟೂಲು ಹೇಗಿತ್ತು ಎಂದು ನನ್ನನ್ನೇ ಕೇಳಿದ. ಮೂರು ಕಾಲಿನ ಸ್ಟೂಲು ಅಂದೆ, ಖಡಾಖಂಡಿತವಾಗಿ. ಈಗ ನನ್ನ ಮಾತಿಗೆ ಬೆಲೆ ಇದೆ.

ತಮ್ಮ


ಜೂನ್ ೩

ತಮ್ಮಾ,

ನಾಲ್ಕು.

ಆ ಸ್ಟೂಲಿಗೆ ನಾಲ್ಕು ಕಾಲು. ವಾರಗಟ್ಟಲೆ ಮಲಗಿ ಅದನ್ನೇ ನೋಡಿದವಳು ನಾನು. ಮೂರು ಕಾಲಿನದು ಎಂಥ ನೆಲದ ಮೇಲೂ ಕುಂಟುವುದಿಲ್ಲ. ಇದು ಕುಂಟುತ್ತಿತ್ತು. ಡಾಕ್ಟರು ಮೈ ಕದಲಿಸಿದರೆ ಟಕ್ ಅನ್ನುತ್ತಿತ್ತು. ಅಮ್ಮ ಹಳೆ ಪೇಪರು ಮಡಚಿ ಗಿಡ್ಡ ಕಾಲಿನ ಕೆಳಗೆ ಇಡುತ್ತಿದ್ದಳು. ಮರುದಿನ ಅದು ಜಾರಿ ಮತ್ತೆ ಟಕ್. ಕಣ್ಣು ತೆರೆಯಲಾಗದಿದ್ದಾಗಲೂ ಆ ಶಬ್ದ ಕೇಳಿದರೆ ಯಾರೋ ಇದ್ದಾರೆ ಎಂದು ನನಗೆ ತಿಳಿಯುತ್ತಿತ್ತು. ಇಷ್ಟು ವರ್ಷ ನೆನಪಿನಲ್ಲಿ ಬಾಟಲಿಯನ್ನು ಮುಂದಿಟ್ಟು ಸ್ಟೂಲನ್ನು ಹಿಂದಕ್ಕೆ ತಳ್ಳಿದ್ದೆ. ಕೆಂಪು ಬಣ್ಣ ಕಣ್ಣಿಗೆ ಬೇಗ ಬೀಳುತ್ತದಲ್ಲ.

ಆದ್ದರಿಂದ ಸಾಕ್ಷಿಯು ತನ್ನ ಹೇಳಿಕೆಯನ್ನು ತಿದ್ದಿಕೊಂಡಿದ್ದಾಳೆ. ಕೋಪ ಪೂರ್ತಿ ಹೋಗಿಲ್ಲ. ಮೊದಲರ್ಧವನ್ನು ಬೀದಿಗೆ ಕೊಟ್ಟು ಎರಡನೆಯದನ್ನು ನನಗೆ ಇಷ್ಟು ತಡವಾಗಿ ಕೊಟ್ಟೆ.

ನಿನ್ನ ಗಾಳಿ ಬೀಸಿ ನಾನೂ ಕೆಟ್ಟೆ. ಹೋದ ತಿಂಗಳು ಭಾವನವರು “ಹೇಗಿತ್ತು?” ಅಂದಾಗ, “ಚೆನ್ನಾಗಿಲ್ಲ ಕಣ್ರಿ, ಯಾವತ್ತೂ ಇರ್ಲಿಲ್ಲ” ಅಂದುಬಿಟ್ಟೆ. ಅವರು ಹಾಡುವುದು ಬಿಟ್ಟರು. ಬೆಳಗಿನ ಹೊತ್ತು ಮನೆ ಎಷ್ಟು ಸುಮ್ಮನಾಯಿತೆಂದರೆ ಗಡಿಯಾರ ಕೇಳಿಸುತ್ತಿತ್ತು. ಎದುರು ಮನೆಯಾಕೆ ಬಂದು, “ಯಜಮಾನ್ರಿಗೆ ಹುಷಾರಿಲ್ವಾ? ನಮ್ಮ ಹುಡುಗ ಸ್ಕೂಲಿಗೆ ಏಳ್ತಾನೇ ಇಲ್ಲ” ಅಂದಳು. ಕೊನೆಗೆ ನಾನೇ ಸೋತು, “ಚೆನ್ನಾಗಿರ್ಬೇಕು ಅಂತ ಯಾರ್ರೀ ಅಂದ್ರು, ಹಾಡಿ” ಎಂದೆ. ಈಗ ಹಾಡುತ್ತಾರೆ. ಕೆಟ್ಟದಾಗಿದೆ ಎಂದು ಇಬ್ಬರಿಗೂ ಗೊತ್ತಿರುವುದರಿಂದ ಮೊದಲಿಗಿಂತ ಗಟ್ಟಿಯಾಗಿ ಹಾಡುತ್ತಾರೆ.

ಇಷ್ಟು ಆದ ಮೇಲೆ ಒಂದನ್ನು ಮಾತ್ರ ಏಕೆ ಇಟ್ಟುಕೊಳ್ಳಲಿ? ತಮ್ಮಾ, ನೀನು ಒಳ್ಳೆಯವನು. ಆದರೆ ಕಟಿಂಗಿನಲ್ಲಿ ಅಷ್ಟಕ್ಕಷ್ಟೆ. ಎಡಗಿವಿಯ ಹಿಂದೆ ಯಾವಾಗಲೂ ಹೆಚ್ಚು ಕತ್ತರಿಸುತ್ತೀಯ. ನಮ್ಮ ಮದುವೆ ಫೋಟೋದಲ್ಲಿ ಭಾವನವರು ಒಂದು ಪಕ್ಕಕ್ಕೆ ತಿರುಗಿ ನಿಂತದ್ದು ನಾಚಿಕೆಯಿಂದ ಅಲ್ಲ.

ಅಕ್ಕ


ಜೂನ್ ೨೮

ಅಕ್ಕ,

ನಿನ್ನ ಕಾಗದ ಬಂದ ಮೇಲೆ ಕೆಲವು ದಿನ ಯಾರ ಎಡಗಿವಿಯನ್ನೂ ನೋಡಲಿಲ್ಲ. ಆಮೇಲೆ ನೋಡಿದೆ. ಹೆಡ್‌ಮೇಷ್ಟ್ರದು, ಬೇಕರಿಯವನದು, ಅಂಚೆಯವನದು. ಇಡೀ ಬೀದಿ ಒಂದೇ ಕಡೆ ಬೋಳಾಗಿದೆ. ಕೆಲಸ ಮುಗಿದ ಮೇಲೆ ಹಿಂದುಗಡೆ ಕನ್ನಡಿ ಹಿಡಿದು “ಸರೀನಾ?” ಎಂದು ನಾನು ಕೇಳುತ್ತಲೇ ಬಂದಿದ್ದೇನೆ. ಎಲ್ಲರೂ ಏನೆನ್ನುತ್ತಿದ್ದರು ಗೊತ್ತೇ? ಹೂಂ.

ಸ್ಟೂಲಿನ ವಿಷಯ ಸುಲಭವಾಗಲಿಲ್ಲ. ಶಿಲ್ಪಿಯ ಹತ್ತಿರ ಹೋಗಿ “ಮೂರಲ್ಲ, ನಾಲ್ಕು” ಅಂದೆ. ಬಟ್ಟೆ ಅಂಗಡಿಯವರು, “ನೋಡಿದ್ರಾ, ಇವನು ಯಾವಾಗ್ಲೂ ಎರಡೂ ಕಡೆ” ಅಂದರು. ನಾಲ್ಕನೇ ಕಾಲು ಆಮೇಲೆ ಸೇರಿಸಿದ್ದು, ಹಾಗಾಗಿ ಸ್ವಲ್ಪ ಗಿಡ್ಡ. ಅದರ ಕೆಳಗೆ ಮಡಚಿದ ಪೇಪರನ್ನೂ ಕಲ್ಲಿನಲ್ಲೇ ಕೆತ್ತಲು ಹೇಳಿದೆ. ಶಿಲ್ಪಿ ನನ್ನ ಮುಖ ನೋಡಿದ, ಕೆತ್ತಿದ.

ನಿನ್ನೆ ಪ್ರತಿಮೆ ಕೂತಿತು. ಮೀಸೆ ಸರಿಯಾಗಿ ಬಂದಿಲ್ಲ, ಹೇಳಿದೆ. ಡಾಕ್ಟರಮ್ಮ ಹತ್ತಿರ ಹೋಗಿ ಅದರ ಮೊಣಕಾಲು ಮುಟ್ಟಿ, “ಇಲ್ಲಾದ್ರೂ ನಿದ್ದೆ ಮಾಡ್ಬೇಡಿ” ಅಂದರು. ಉಳಿದವರೆಲ್ಲ ಸ್ಟೂಲಿನ ಕಾಲಿನ ಕೆಳಗಿನ ಆ ಮಡಿಕೆಯನ್ನು ಬಗ್ಗಿ ನೋಡಿದರು. ಅದು ಔಷಧಿ ಚೀಟಿ ಎಂದು ಬಟ್ಟೆ ಅಂಗಡಿಯವರು. ಪುಸ್ತಕ, ಓದುವ ಕೋಣೆಯ ಸಂಕೇತ ಎಂದು ಹೆಡ್‌ಮೇಷ್ಟ್ರು. ಇಬ್ಬರೂ ನನ್ನ ಕಡೆ ತಿರುಗಿದರು. “ಏನಂತೀಯಪ್ಪಾ?”

“ನಮ್ಮಮ್ಮ ಇಟ್ಟಿದ್ದು” ಅಂದೆ.

ಇಬ್ಬರೂ ಒಪ್ಪಲಿಲ್ಲ. ಭಾವನವರನ್ನು ಕರೆದುಕೊಂಡು ಬಂದು ಒಮ್ಮೆ ನೋಡಿ ಹೋಗು. ಅವರ ಎಡಗಿವಿಗೆ ನಾನು ಬಾಕಿ ಇದ್ದೇನೆ. ಸರಿ ಬಾರದಿದ್ದರೆ ಹಾಡಿ ಹೇಳಲಿ.

ತಮ್ಮ